ಮಾವನವರ ಜಪಾನಿ ಕೆನೆಖಾರ

ಮಧುಗಿರಿ ಬೆಟ್ಟದ ಬುಡದಲ್ಲಿ ಮೊತ್ತಮೊದಲು ಜಪಾನಿನ ಅಡುಗೆ ಮಾಡಿದವರು ನಮ್ಮ ಮಾವನವರು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಕೊನೆಯವರೂ ಅವರೇ ಇರಬೇಕು. ಬೇಕಾದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ವಿಚಾರಿಸಿ. "ಓ, ಆ ಹಿಪ್ಪುನೇರಳೆ ಸೊಪ್ಪಿನ ಸುರುಳಿನಾ?" ಎಂದು ಮೊದಲು ನಗುತ್ತಾರೆ. ಆಮೇಲೆ ಸ್ವಲ್ಪ ನೆನೆಸಿಕೊಂಡು, "ಅದರ ಜೊತೆ ಕೊಟ್ಟಿದ್ದ ಕೆಂಪು ಬೆಣ್ಣೆ ಮಾತ್ರ ಸಂದಾಕಿತ್ತು ಕಣಮ್ಮ" ಅನ್ನುತ್ತಾರೆ. ಆ ಕೆಂಪು ಬೆಣ್ಣೆ ಬೆಣ್ಣೆಯಾಗಬಾರದಿತ್ತು. ಕಥೆ ಇರುವುದೇ ಅಲ್ಲಿ.

ನಾನು ಕೊರಟಗೆರೆ ಕಡೆಯ ಹುಡುಗಿ. ಎಂಬತ್ತರ ದಶಕ ಆಗತಾನೇ ಶುರುವಾಗಿದ್ದಾಗ ಮದುವೆಯಾಗಿ ಮಧುಗಿರಿಗೆ ಬಂದೆ. ಬಸ್ಸು ಹತ್ತಿಸುವಾಗ ನಮ್ಮಮ್ಮ ಹೇಳಿ ಕಳಿಸಿದ್ದು ಒಂದೇ ಮಾತು: "ನಿಮ್ಮತ್ತೆ ನಾಲಿಗೆ ಬಲು ಚುರುಕಂತೆ ಕಣೆ. ಉಪ್ಪು ಒಂದು ಹಳ್ಳು ಹೆಚ್ಚುಕಮ್ಮಿ ಆದ್ರೂ ಹಿಡಿದ್ಬುಡ್ತಾರಂತೆ. ಉಸಾರು." ಅಮ್ಮ ಸುಳ್ಳು ಹೇಳಿರಲಿಲ್ಲ. ನಮ್ಮತ್ತೆಯ ನಾಲಿಗೆ ನಾಲ್ಕು ತಾಲ್ಲೂಕಿನ ನೆಂಟರಲ್ಲಿ ಹೆಸರುವಾಸಿ. ಮದುವೆಮನೆಗಳಲ್ಲಿ ಅವರು ಪಂಕ್ತಿಯಲ್ಲಿ ಕೂತರೆ ಅಡುಗೆಯವರು ಒಲೆ ಬಿಟ್ಟು ಬಂದು ಕಂಬದ ಮರೆಯಲ್ಲಿ ನಿಂತು ಅವರ ಮುಖ ನೋಡುತ್ತಿದ್ದರಂತೆ. ಹುಬ್ಬು ಮೇಲೆ ಹೋದರೆ ಸಾರಿಗೆ ನೀರು, ಕೆಳಗಿಳಿದರೆ ಉಪ್ಪು.

ಹೀಗಿರುವಾಗ ಹೊಸ ಸೊಸೆಗೆ ಅಳತೆ ನೆನಪಿರುತ್ತದೆಯೇ? ಮೊದಲ ದಿನ ತೊಗರಿಬೇಳೆ ಸಾರಿಗೆ ಉಪ್ಪು ಹಾಕಿದೆ. ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೆ ಹಾಕಿದೆ. ನನ್ನ ಗಂಡ ಒಂದು ತುತ್ತು ಉಂಡು ಒಂದು ಲೋಟ ನೀರು ಕುಡಿದರು. ಅತ್ತೆ ಮಾತ್ರ ಮೊಸರನ್ನದ ಮೇಲೆ ಎರಡು ಚಮಚ ಆರಿದ ಸಾರು ಹಾಕಿಸಿಕೊಂಡು, ಸದ್ದಿಲ್ಲದೆ ತಿಂದು, ಕೈ ತೊಳೆದು, ಕೋಣೆಗೆ ಹೋಗಿ ಮಲಗಿಬಿಟ್ಟರು. ಒಂದು ಮಾತಿಲ್ಲ! ನನಗೋ ಸ್ವರ್ಗಕ್ಕೆ ಮೂರೇ ಗೇಣು. ಇಂಥ ಅತ್ತೆಯನ್ನು ಜನ ಯಾಕಪ್ಪ ಹೀಗೆ ಆಡಿಕೊಳ್ಳುತ್ತಾರೆ ಅಂದುಕೊಂಡೆ.

ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಮಾವನವರು ಬಂದು ಮೆಲ್ಲಗೆ ಕೇಳಿದರು.

"ನಿಮ್ಮತ್ತೆ ಸಾರಿಗೆ ಏನಾದ್ರೂ ಅಂದ್ಲಾ ತಾಯಿ?"

"ಇಲ್ಲ ಮಾವ, ಏನೂ ಅನ್ಲಿಲ್ಲ."

ಅವರ ಮುಖ ಇಳಿದುಹೋಯಿತು. "ಅಷ್ಟು ಉಪ್ಪಿಗೂ ಏನೂ ಅನ್ಲಿಲ್ಲ" ಎಂದು ತಮಗೇ ಹೇಳಿಕೊಂಡು ಹೋದರು. ಉಪ್ಪು ಹೆಚ್ಚಾಗಿತ್ತೆಂದು ನನಗೆ ಗೊತ್ತಾದದ್ದೂ ಆಗಲೇ.

ವಿಷಯ ತಿಳಿಯಲು ನಾಲ್ಕು ದಿನ ಹಿಡಿಯಿತು. ನಮ್ಮ ಮದುವೆಗೆ ಸ್ವಲ್ಪ ಮುಂಚೆ ಅತ್ತೆಗೆ ಟೈಫಾಯಿಡ್ ಬಂದಿತ್ತು. ಜ್ವರ ಹೋಗುವಾಗ ಬಾಯಿರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಬಿಸಿ ಅನ್ನದ ಹಬೆ ತಾಕಿದರೆ ಓಕರಿಕೆ. ತಣ್ಣನೆಯ ಮೊಸರನ್ನವನ್ನು ಔಷಧಿಯ ಹಾಗೆ ನಾಲ್ಕು ತುತ್ತು ನುಂಗುತ್ತಿದ್ದರು, ಅಷ್ಟೆ. ಕೈಬಳೆ ಮೊಣಕೈವರೆಗೂ ಜಾರುತ್ತಿದ್ದವು. ತುಮಕೂರಿನ ಡಾಕ್ಟರು, "ಕಾಯಿಲೆ ಏನೂ ಉಳಿದಿಲ್ಲ. ಊಟ ಸೇರಬೇಕು, ಸೇರದಿದ್ದರೆ ಕಷ್ಟ" ಎಂದು ನೇರವಾಗಿ ಹೇಳಿ ಕಳಿಸಿದ್ದರು. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಅತ್ತೆಯ ಬಾಯಿಂದ ಬರುವ ಒಂದು ಕೊಂಕಿಗೆ.

"ಮದ್ವೆಯಾದಾಗಿಂದ 'ನಿನ್ನ ಕೊಂಕು ಸಾಕು ಮಾಡೇ' ಅಂತಿದ್ದೆ ಕಣಮ್ಮ. ಸಾಕು ಮಾಡೇ ಬುಟ್ಳು ನೋಡು" ಎಂದು ಮಾವನವರು ಒಮ್ಮೆ ನನ್ನೆದುರು ಹೇಳಿಕೊಂಡರು.

ಈಗ ಮಾವನವರ ವಿಚಾರ. ಅವರು ಊರಾಚೆಯ ರೇಷ್ಮೆ ಫಾರಂನಲ್ಲಿ ಹುಳು ಸಾಕುವ ಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆ ತುಂಬ ಹುಳು. ತಲೆಯೊಳಗೆ ಎನ್ನುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಪ್ರಪಂಚದಲ್ಲಿ ರೇಷ್ಮೆಹುಳುವಿಗೆ ಒಗ್ಗುವುದೆಲ್ಲ ಮನುಷ್ಯರಿಗೂ ಒಗ್ಗುತ್ತದೆ ಎಂಬುದು ಅವರ ಸಿದ್ಧಾಂತ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಎದ್ದ ಮೇಲೆ ತಕ್ಕ ಎಳೆಸೊಪ್ಪು ಹಾಕಿದರೆ ಬಕಾಸುರನ ಹಾಗೆ ತಿನ್ನುತ್ತದೆ. "ಜ್ವರದಿಂದ ಎದ್ದ ಹುಳ ತಿನ್ನಲಿಲ್ಲ ಅಂದ್ರೆ ತೆಪ್ಪು ಹುಳದ್ದಲ್ಲ, ಸೊಪ್ಪಿಂದು" ಎನ್ನುತ್ತಿದ್ದರು. ಅತ್ತೆಗೆ ತಕ್ಕ ಸೊಪ್ಪು ಇನ್ನೂ ಸಿಕ್ಕಿಲ್ಲ ಎಂಬುದು ಅವರ ತೀರ್ಮಾನ.

ಸೊಪ್ಪು ಸಿಗುವ ತನಕ ಶುಚಿ ಕಾಯಬೇಕಲ್ಲ. ಅತ್ತೆಯ ಕೋಣೆಯ ಹತ್ತಿರ ಊದುಬತ್ತಿ ಹಚ್ಚಬಾರದು, ಒಗ್ಗರಣೆ ಹೊಗೆ ಸುಳಿಯಬಾರದು, ಜೋರಾಗಿ ಮಾತಾಡಬಾರದು. ಕೊರಟಗೆರೆಯಿಂದ ನಮ್ಮ ದೊಡ್ಡಮ್ಮ ರೋಗಿಯನ್ನು ನೋಡಲು ಬಂದಾಗ, ಮಾವನವರು ಬಾಗಿಲಲ್ಲೇ ತಡೆದು ಕೈಕಾಲಿಗೆ ಔಷಧಿ ನೀರು ಹಾಕಿಸಿದರು. ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಯಾಕೆ ಬೀಗರೇ, ನಾನೇನು ಕುಲಗೆಟ್ಟೋಳಾ?"

"ಛೇ, ಹಂಗಲ್ಲ ಬುಡಿ. ನಮ್ಮ ಹುಳಗಳ ತಾವ ಹೋಗಾಕೂ ಹಿಂಗೇ ಮಾಡದು."

ದೊಡ್ಡಮ್ಮ ಆಮೇಲೆ ಎರಡು ಹಬ್ಬ ಕಳೆದರೂ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಇಂಥ ಸಮಯದಲ್ಲಿ ಫಾರಂ ನೋಡಲು ಜಪಾನಿನಿಂದ ಒಬ್ಬ ರೇಷ್ಮೆ ತಜ್ಞರು ಬಂದರು. ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡು, ತಾವೇ ಅಡುಗೆ ಮಾಡಿಕೊಂಡು ಡಬ್ಬಿ ತರುತ್ತಿದ್ದರಂತೆ. ಮಧ್ಯಾಹ್ನ ಹೊಂಗೆಮರದ ಕೆಳಗೆ ಡಬ್ಬಿ ಬಿಚ್ಚಿ ಮಾವನವರಿಗೂ ಒಂದು ತುಂಡು ಕೊಟ್ಟರು. ಆ ತುಂಡಿನ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ತಿಂದದ್ದು ನಾನೇ ಇರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

"ತಣ್ಣಗೆ ಕಣಮ್ಮ, ಬೆಳಿಗ್ಗೆ ಮಾಡಿದ ಅನ್ನ. ಒಳಗೆ ಸೌತೆಕಾಯಿ, ಸುತ್ತ ಕರೀ ಕಾಗದದಂಗೆ ಒಂದು ಸೊಪ್ಪು, ಸಮುದ್ರದಾಗೆ ಬೆಳೀತದಂತೆ. ಸುಶಿ ಅಂತ ಅದರ ಹೆಸರು. ಬಾಯಿಗಿಟ್ಟೆ, ಬರೀ ಸಪ್ಪೆ. ಆವಯ್ಯ ನನ್ನ ಮಕ ನೋಡಿ ನಕ್ಕು, ಮೆತ್ತನೆ ಸೀಸೆ ಒಂದನ್ನ ಹಿಸುಕಿ ಕೆನೆಯಂಥದ್ದು ಬುಟ್ಟು, ಮೇಲೆ ಖಾರ ಉದುರಿಸಿ ಕಲಸಿ, ಅದರಾಗೆ ಅದ್ದಿ ಕೊಟ್ಟ. ನಾಲಿಗೆ ಎದ್ದು ಕುಂತ್ಕಂತು ಕಣಮ್ಮ."

ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮುಂಚೆಯೇ ಘೋಷಿಸಿದರು: "ದೇಶಕ್ಕೆ ದೇಶವೇ ತಣ್ಣನೆ ಅನ್ನ ಇಷ್ಟಪಟ್ಟು ತಿಂತೈತೆ. ಇವಳೊಬ್ಬಳು ತಿನ್ನಕ್ಕಿಲ್ವಾ? ಸೊಪ್ಪು ಸಿಕ್ತು."

ಸೊಪ್ಪೇನೋ ಸಿಕ್ಕಿತು, ಆ ಕೆನೆಯಂಥದ್ದನ್ನು ಮಾಡುವುದು ಹೇಗೆ? ತಜ್ಞರು ಕೈಬಾಯಿ ಸನ್ನೆ ಮಾಡಿ ಬಹಳ ಹೊತ್ತು ವಿವರಿಸಿದ್ದರಂತೆ. ಅದನ್ನು ಕನ್ನಡದಲ್ಲಿ ಹೇಳಬೇಕಾಗಿದ್ದ ಅಧಿಕಾರಿಗೆ ಹೊಟ್ಟೆ ಹಸಿದಿತ್ತು. "ಎಣ್ಣೆ, ಹುಳಿ, ಚೆನ್ನಾಗಿ ಕಡೀಬೇಕಂತೆ" ಎಂದು ಮೂರೇ ಮಾತಲ್ಲಿ ಮುಗಿಸಿ ಊಟಕ್ಕೆ ಹೋಗಿಬಿಟ್ಟರು. ಮಾವನವರು ಕಡಲೆಕಾಯಿ ಎಣ್ಣೆಗೆ ನಿಂಬೆಹುಳಿ ಹಿಂಡಿ ಮಧ್ಯಾಹ್ನದಿಂದ ಸಂಜೆವರೆಗೂ ಕಡೆದರು. ಎಣ್ಣೆ ಎಣ್ಣೆಯಾಗಿಯೇ ಇತ್ತು, ಹುಳಿ ಹುಳಿಯಾಗಿಯೇ ಇತ್ತು. ಹೊಂದಿಕೆಯಿಲ್ಲದ ಗಂಡಹೆಂಡಿರ ಹಾಗೆ ಒಂದೇ ಪಾತ್ರೆಯಲ್ಲಿ ಬೇರೆ ಬೇರೆ.

ಮರುವಾರ ಫಾರಂ ಕೆಲಸದ ಮೇಲೆ ಶಿರಾಕ್ಕೆ ಹೋದಾಗ ಅಲ್ಲಿಯ ಬೇಕರಿ ಸಾಹೇಬರನ್ನು ಕೇಳಿದರು. ಅವರು ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಕೆಲಸ ಮಾಡಿದ್ದವರು.

"ಅರೆ, ಅದು ಗೊತ್ತು ಬಿಡಿ ಸ್ವಾಮಿ. ಅಂಡಾ ಹಾಕದೆ ಅದು ಹೆಂಗೆ ಕೂಡುತ್ತೆ? ಮೊಟ್ಟೆ ಹಳದಿಗೆ ಎಣ್ಣೆ ತೊಟ್ಟು ತೊಟ್ಟು ಬಿಟ್ಕೊಂಡು ಕಡೀಬೇಕು. ಯಾಕೆ, ತಿಂದ್ರಾ?"

ಮಾವನವರು ಸಿಕ್ಕ ಮೊದಲ ಬಸ್ಸು ಹಿಡಿದು ಮಧುಗಿರಿಗೆ ಬಂದರು. ಬಂದವರೇ ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಹೊತ್ತಲ್ಲದ ಹೊತ್ತಿನಲ್ಲಿ ನೀರಿನ ಸದ್ದು ಕೇಳಿ ಅತ್ತೆ ಕೋಣೆಯಿಂದ ಕೇಳಿದರು.

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣೆ. ಸೆಕೆ."

ಅದು ಮಾರ್ಗಶಿರದ ಚಳಿ. ಹೊಸದಾಗಿ ವಿಭೂತಿ ಧರಿಸಿ ಬಂದು ನನಗೊಬ್ಬಳಿಗೇ ನಡೆದದ್ದನ್ನು ಹೇಳಿದರು. ಹೇಳಿ, ಒಂದು ಗಳಿಗೆ ಕಣ್ಣು ಮುಚ್ಚಿ ಕೂತು, "ತಿಂದಾಗ ಗೊತ್ತಿರಲಿಲ್ಲ. ಗೊತ್ತಿಲ್ದೆ ಮಾಡಿದ್ದು ಶಿವನಿಗೆ ಸೇರಿದ್ದು. ಗೊತ್ತಿದ್ದು ಮಾಡದು ಬ್ಯಾಡ" ಎಂದರು. ಸರಿ, ಜಪಾನಿನ ಕಥೆ ಇಲ್ಲಿಗೆ ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಅವರು ಕಣ್ಣು ತೆರೆದು, "ಅಲ್ಲ ಕಣಮ್ಮ, ಕೋಳಿಮೊಟ್ಟೆ ಮಾಡೋ ಕೆಲ್ಸ ನಮ್ಮೆಮ್ಮೆ ಮಾಡಕ್ಕಿಲ್ವಾ?" ಅಂದರು.

ಹೀಗೆ ಹುಟ್ಟಿದ್ದು ಕೆನೆಖಾರ. ಎಮ್ಮೆಹಾಲಿನ ಕೆನೆಯನ್ನು ಸ್ವಲ್ಪ ಹುಳಿ ಬರಿಸಿ, ಒದ್ದೆ ಮರಳಿನ ಮೇಲೆ ಮಡಕೆಯಲ್ಲಿಟ್ಟು ತಣ್ಣಗೆ ಮಾಡಿ ಕಡೆಯುವುದು. ಅದು ಉಬ್ಬಿ ಗಟ್ಟಿಯಾದಾಗ ನೆನೆಸಿದ ಕಡಲೆಕಾಯಿ ಬೀಜ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ನುಣ್ಣಗೆ ರುಬ್ಬಿ ಬೆರೆಸಿ, ನಿಂಬೆ ಹಿಂಡುವುದು. ಖಾರ ಜೋರಿರುವ ಮೆಣಸಿನಕಾಯಿಗೆಂದು ಮಾವನವರು ಪಾವಗಡದ ಸಂತೆಗೇ ಹೋದರು. ಜ್ವರದಿಂದ ಎದ್ದ ಹೆಂಡತಿಗೆ ಬೇಕು ಅಂದಾಗ ಮಾರುವ ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿ, "ಏಮಿ ಸಾಮೀ, ಪೆಂಡ್ಲಾಮ್ ಮೇಲೆ ಅಷ್ಟು ಕೋಪಮಾ?" ಎಂದಳಂತೆ, ಹೆಂಡತಿ ಮೇಲೆ ಅಷ್ಟು ಕೋಪವಾ ಅಂತ ಅವಳ ತೆಲುಗುಗನ್ನಡದಲ್ಲಿ. ಅದನ್ನು ಬಂದು ಅತ್ತೆಗೆ ಹೇಳಿ ಒಬ್ಬರೇ ನಕ್ಕರು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು.

ಸಮುದ್ರದ ಸೊಪ್ಪಿಗೆ ಬದಲು ಏನು ಎಂದು ನಾನು ಕೇಳಲೇ ಇಲ್ಲ, ಗೊತ್ತಿತ್ತು. ಎಳೆಯ ಹಿಪ್ಪುನೇರಳೆ ಸೊಪ್ಪು ಕುದಿನೀರಲ್ಲಿ ಅದ್ದಿ ತೆಗೆದು, ಮೆತ್ತಗೆ ಮಾಡಿದ ಅನ್ನ ಹರಡಿ, ಸೌತೆಕಾಯಿ ಇಟ್ಟು ಸುತ್ತುವುದು. ಸುತ್ತಲು ಚಾಪೆ ಬೇಕಂತೆ. ಹುಳು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ತಟ್ಟೆ ಇರುತ್ತದಲ್ಲ, ಚಂದ್ರಿಕೆ, ಅಂಥದ್ದೊಂದು ಹಳೆಯದು ಅಟ್ಟದಲ್ಲಿತ್ತು. ಅದನ್ನೇ ಕತ್ತರಿಸಿ, ಉಜ್ಜಿ ತೊಳೆದು ಚಾಪೆ ಮಾಡಿದರು. ಮೊದಲ ಸುರುಳಿಯನ್ನು ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದಾಗ ಅವರು ಸೊಪ್ಪನ್ನು ನೋಡಿದರು, ಗಂಡನನ್ನು ನೋಡಿದರು.

"ಇನ್ನು ನಾನು ಗೂಡು ಕಟ್ಟದೊಂದು ಬಾಕಿ" ಎಂದರು.

ಮಾವನವರಿಗೆ ಅದೇ ದೊಡ್ಡ ಸಂಭ್ರಮ. "ನೋಡಿದ್ಯಾ, ಮಾತಾಡಿದ್ಲು" ಎಂದು ನನ್ನ ಹತ್ತಿರ ಓಡಿ ಬಂದರು. ಸುರುಳಿ ಮಾತ್ರ ತಟ್ಟೆಯಲ್ಲೇ ಇತ್ತು. ಜೊತೆಗೆ ಕೆನೆಖಾರ ಇಲ್ಲವಲ್ಲ, ಬರೀ ಸಪ್ಪೆ ಅನ್ನವನ್ನು ಯಾರು ತಿಂದಾರು?

ಕೆನೆಖಾರ ಯಾಕಿರಲಿಲ್ಲ ಅನ್ನುವುದೇ ಪೀಕಲಾಟ. ಕೆನೆಯನ್ನು ಕಡೆಯುತ್ತಾ ಹೋದರೆ ಒಂದು ಹದದಲ್ಲಿ ಮೆತ್ತಗೆ ಉಬ್ಬಿ ನಿಲ್ಲುತ್ತದೆ. ಅಲ್ಲಿಗೇ ಕೈ ಬಿಡಬೇಕು. ಇನ್ನು ನಾಲ್ಕು ಸುತ್ತು ಎಳೆದಿರೋ, ಬೆಣ್ಣೆ. ಆದರೆ ನಮ್ಮ ಮನೆಯಲ್ಲಿ ಕಡೆಯುವುದನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ಕಡಗೋಲಿಗೆ ಹಗ್ಗ ಸುತ್ತಿದ ಮೇಲೆ ಬೆಣ್ಣೆ ಕಾಣದೆ ಎದ್ದರೆ ಕೊಟ್ಟಿಗೆಯ ಎಮ್ಮೆ ಬತ್ತುತ್ತದೆ ಎಂದು ಅತ್ತೆಗೆ ಅವರತ್ತೆ ಹೇಳಿದ್ದು, ಅವರತ್ತೆಗೆ ಅವರತ್ತೆ. ಈ ಮನೆಗೆ ಬಂದಾಗಿನಿಂದ ಅತ್ತೆ ಒಮ್ಮೆಯೂ ಅದನ್ನು ಮುರಿದವರಲ್ಲ. ಮಲಗಿದ್ದರೂ ಅವರ ಕಿವಿ ಮಾತ್ರ ಮಡಕೆಯೊಳಗೇ ಇರುತ್ತಿತ್ತು. ಮಾವನವರು ಹದ ನೋಡಿ ಹಗ್ಗ ಸಡಿಲಿಸಿದರೆ ಸಾಕು, ಕೋಣೆಯಿಂದ ದನಿ ಬರುತ್ತಿತ್ತು.

"ಯಾಕೆ ನಿಲ್ಸಿದ್ರಿ? ಬೆಣ್ಣೆ ಬಂದಿಲ್ಲ. ಕಡೀರಿ."

ಮಾವನವರು ಕಡೆಯುತ್ತಿದ್ದರು. ಬೆಣ್ಣೆ ಬರುತ್ತಿತ್ತು, ಅತ್ತೆ ಅದನ್ನು ಮುಟ್ಟುತ್ತಿರಲಿಲ್ಲ. ರುಬ್ಬಿದ ಖಾರ ದಂಡವಾಗಬಾರದೆಂದು ಬೆಣ್ಣೆಗೇ ಬೆರೆಸಿ, ಸುರುಳಿಯ ಜೊತೆ ಬೀದಿಯ ಮನೆಮನೆಗೂ ಹಂಚುತ್ತಿದ್ದೆ. ಜನ ಸುರುಳಿಯನ್ನು ಎಮ್ಮೆಗೆ ಹಾಕಿ ಕೆಂಪು ಬೆಣ್ಣೆಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದರು. ಮತ್ತೆ ಯಾವಾಗ ಜಪಾನಿನ ಅಡುಗೆ ಎಂದು ಕೇಳಿದವರೂ ಉಂಟು. ನಮ್ಮ ಮನೆಯಲ್ಲಿ ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ದಪ್ಪಗಾದೆವು.

ನನಗೆ ತಾಳ್ಮೆ ಕಡಿಮೆ. "ಪಕ್ಕದ ಮನೆಯಲ್ಲಿ ಕಡೆದು ತಂದುಬಿಡೋಣ ಮಾವ, ಅವರಿಗೆ ಸದ್ದೇ ಕೇಳಿಸೋದಿಲ್ಲ" ಎಂದೆ.

ಮಾವನವರು ತಲೆಯಾಡಿಸಿದರು. "ದಿನಕ್ಕೊಂದು ಸಾರಿ 'ಕಡೀರಿ' ಅಂತಾಳೆ ಕಣಮ್ಮ. ಅಷ್ಟೊತ್ತು ನಮ್ಮ ಹಳೇ ಯಜಮಾನಿ ಇದ್ದಂಗೆ ಇರ್ತದೆ. ಅದನ್ನೂ ಕಳ್ಕಳ್ಳಾದಾ?"

ಅದಾದ ಮೇಲೆ ನಾನು ಉಪಾಯ ಹೇಳುವುದನ್ನು ಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮೊಸರನ್ನದ ತಟ್ಟೆಯನ್ನೂ ಆಚೆ ತಳ್ಳಿಬಿಟ್ಟರು. "ಬ್ಯಾಡ, ತಗಂಡೋಗು" ಎಂದರು. ನನಗೆ ಭಯವಾಯಿತು. ನನ್ನ ಗಂಡ ತುಮಕೂರಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿಕೊಂಡು ಬರಲು ಹೋದರು. ಮಾವನವರು ಸುರುಳಿ ಸುತ್ತಿಟ್ಟರು. ಖಾರ ರುಬ್ಬಿಸಿಕೊಂಡರು. ಆಮೇಲೆ ಕಂಬದ ಪಕ್ಕ ಕೂತು ಕಡಗೋಲಿಗೆ ಹಗ್ಗ ಸುತ್ತಿದರು. ಅಂದು ಅವರ ಕೈ ಓಡಲಿಲ್ಲ. ಎರಡು ಸಲ ಎಳೆದರೆ ಮೂರನೆಯದಕ್ಕೆ ನಿಲ್ಲುತ್ತಿತ್ತು. ಕಡಗೋಲು ಮಡಕೆಯ ಕಂಠಕ್ಕೆ ತಾಕಿ ತಾಕಿ ಸದ್ದು ಮಾಡುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನೆರಳು ಕಂಡಿತು. ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. ನಾನು ಬಂದಾಗಿನಿಂದ ಅವರು ಅಡುಗೆಮನೆ ಹೊಸಿಲು ದಾಟಿದ್ದನ್ನು ನೋಡಿರಲಿಲ್ಲ.

"ಮಡಕೆ ಒಡೀತೀರ. ಏಳಿ ಅತ್ಲಾಗೆ" ಎಂದರು.

ಮಾವನವರು ಎದ್ದರು. ಅತ್ತೆ ಕೂತು, ಉಸಿರು ಹಿಡಿದುಕೊಂಡು, ಹಗ್ಗ ತೆಗೆದುಕೊಂಡರು. ಬಳೆ ಮೊಣಕೈಗೆ ಜಾರಿದವು, ಅವನ್ನು ಹಿಂದಕ್ಕೆ ತಳ್ಳಿ ಎಳೆಯತೊಡಗಿದರು. ಕೈಯಲ್ಲಿ ಬಲವಿರಲಿಲ್ಲ, ಆದರೆ ಲಯವಿತ್ತು. ಮಡಕೆ ಹೇಳಿದ ಮಾತು ಕೇಳತೊಡಗಿತು. ಮಾವನವರು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸದ್ದು ಮಂದವಾಗುವುದನ್ನೇ ಕಾದರು. ಕೆನೆ ಉಬ್ಬಿ ನಿಂತಿತು.

"ನಿಲ್ಸು ಕಣೆ" ಎಂದರು.

"ಬೆಣ್ಣೆ ಬಂದಿಲ್ಲ."

"ಬೆಣ್ಣೆ ಬ್ಯಾಡ. ಇಷ್ಟು ವರ್ಸ ಬೆಣ್ಣೆ ತಗ್ದು ತಗ್ದು ನಮಗೆಲ್ಲ ಇಕ್ಕಿದ್ಯ. ಇವತ್ತು ಇಷ್ಟಕ್ಕೇ ಬುಡು."

"ಎಮ್ಮೆ ಬತ್ತಿದ್ರೆ?"

"ಎಮ್ಮೆ ಬತ್ತಿದ್ರೆ ಇನ್ನೊಂದು ತತ್ತೀನಿ. ನೀನು ಹಿಂಗೆ ಬತ್ತಾ ಇದ್ರೆ ನಾನೆಲ್ಲಿಗೆ ಹೋಗ್ಲಿ?"

ಅಷ್ಟು ಹೇಳಿ ಅವರು ನೆಲ ನೋಡುತ್ತಾ ಕೂತರು. ಅತ್ತೆ ಹಗ್ಗ ಹಿಡಿದುಕೊಂಡೇ ಗಂಡನ ತಲೆಯನ್ನು ನೋಡಿದರು. ನೋಡಿ, ಕಡಗೋಲಿನಿಂದ ಹಗ್ಗ ಬಿಚ್ಚಿ ಪಕ್ಕಕ್ಕಿಟ್ಟರು.

ಮಾವನವರು ಅವಸರ ಅವಸರವಾಗಿ ಖಾರ ಬೆರೆಸಿದರು, ನಿಂಬೆ ಹಿಂಡಿದರು. ತಿಳಿ ಕೆಂಪು ಬಣ್ಣಕ್ಕೆ ತಿರುಗಿ, ಚಮಚದಿಂದ ಜಾರದೆ ನಿಂತಿತು. ಬೆಣ್ಣೆಯಾಗದ ಕೆನೆಖಾರವನ್ನು ನಾನು ಕಂಡದ್ದೇ ಅಂದು. ಒಂದು ಸುರುಳಿಯನ್ನು ಅದರಲ್ಲಿ ಅದ್ದಿ ತಮ್ಮ ಕೈಯಾರೆ ಅತ್ತೆಯ ಬಾಯಿಗಿಟ್ಟರು. ಸೊಸೆಯ ಎದುರು ಎಂಬ ಸಂಕೋಚವೂ ಆ ಹೊತ್ತಿನಲ್ಲಿ ಇಬ್ಬರಿಗೂ ಇರಲಿಲ್ಲ. ನಾನು ಒಲೆಯ ಕಡೆ ತಿರುಗಿ ನಿಂತೆ, ಕಿವಿ ಮಾತ್ರ ಅಲ್ಲೇ ಇತ್ತು.

ಅತ್ತೆ ಅಗಿದರು. ಬಹಳ ಹೊತ್ತು ಅಗಿದರು. ಕಣ್ಣಲ್ಲಿ ನೀರು ಬಂತು, ಅದು ಪಾವಗಡದ ಮೆಣಸಿನಕಾಯಿಯ ಕೆಲಸ. ಆಮೇಲೆ ಅವರ ಹುಬ್ಬು ಮೆಲ್ಲಗೆ ಕೆಳಗಿಳಿಯಿತು.

"ಉಪ್ಪು ಸಾಲ್ದು" ಎಂದರು.

ಮಾವನವರು ಎದ್ದು, "ತತ್ತೀನಿ, ತತ್ತೀನಿ" ಎನ್ನುತ್ತಾ ಉಗ್ರಾಣಕ್ಕೆ ಹೋದರು. ಉಪ್ಪಿನ ಜಾಡಿ ನನ್ನ ಪಕ್ಕದಲ್ಲೇ ಒಲೆಕಟ್ಟೆಯ ಮೇಲಿತ್ತು. ನಾನು ಕರೆಯಲು ಹೋದೆ. ಅವರು ಕತ್ತಲ ಮೂಲೆಯಲ್ಲಿ ರಾಗಿ ಕಣಜಕ್ಕೆ ಹಣೆಯಾನಿಸಿ, ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಕರೆಯಲಿಲ್ಲ, ಹಾಗೇ ಹಿಂದಕ್ಕೆ ಬಂದೆ.

ಅತ್ತೆ ಅಷ್ಟರಲ್ಲಿ ಇನ್ನೊಂದು ಸುರುಳಿಗೆ ಕೈ ಹಾಕಿದ್ದರು. ಬಾಗಿಲ ಕಡೆ ನೋಡಿ, ಹಳೆಯ ದನಿಯಲ್ಲಿ ಕೂಗಿದರು.

"ಏನ್ರೀ, ಉಪ್ಪು ತರಾಕೆ ಸಮುದ್ರಕ್ಕೆ ಹೋದ್ರಾ?"

"ಬಂದೆ ಕಣೆ" ಎಂದರು ಮಾವನವರು ಒಳಗಿನಿಂದ. ಆದರೆ ಬರಲು ಬಹಳ ಹೊತ್ತು ಹಿಡಿಯಿತು.